ಕ್ರಿಸ್ಮಸ್ಸಿಗೆ ಬರುತ್ತಿದ್ದ ಕಣ್ಣು

ಅತ್ತೆಗೆ ಸೂಜಿ ಪೋಣಿಸಿಕೊಡಲೆಂದೇ ನನ್ನನ್ನು ಸೊಸೆಯಾಗಿ ತಂದರು ಎಂದು ನಾನು ಇಂದಿಗೂ ಹೇಳುತ್ತೇನೆ. ನನ್ನ ಗಂಡ ಒಪ್ಪುವುದಿಲ್ಲ. ಆದರೆ ಹೆಣ್ಣು ನೋಡಲು ಬಂದ ದಿನ ಅತ್ತೆ ನನಗೆ ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಒಂದು ಮಾತೂ ಕೇಳಲಿಲ್ಲ. ಸೆರಗಿನ ಅಂಚಿಗೆ ಚುಚ್ಚಿಕೊಂಡು ಬಂದಿದ್ದ ಸೂಜಿಯನ್ನು ತೆಗೆದು, ಒಂದೆಳೆ ರೇಷ್ಮೆ ದಾರದ ಜೊತೆ ನನ್ನ ಕೈಗಿಟ್ಟರು. ನಾನು ಒಂದೇ ಸಲಕ್ಕೆ ಪೋಣಿಸಿದೆ. ಸರಿ, ಈ ಹುಡುಗಿಯೇ ಆಗಲಿ ಎಂದು ಎದ್ದೇಬಿಟ್ಟರು. ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಮುಗಿಸುವ ಮೊದಲೇ ನನ್ನ ಮದುವೆ ಗೊತ್ತಾಗಿತ್ತು.

ಇದು ಮೂವತ್ತರ ದಶಕದ ಮೊದಲ ವರ್ಷಗಳ ಮಾತು. ಮೈಸೂರಿನ ಉತ್ತರ ದಿಕ್ಕಿಗೆ, ಚರ್ಚಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮಾವ ಅರಮನೆಯ ಬ್ಯಾಂಡಿನಲ್ಲಿ ಕಹಳೆ ಊದಿ ಪಿಂಚಣಿ ಪಡೆದವರು. ಮನೆಯೊಳಗೆ ಊದಕೂಡದೆಂದು ಅತ್ತೆಯ ಅಪ್ಪಣೆಯಾದ್ದರಿಂದ ಆ ಕಹಳೆ ನಡುಮನೆಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ತಡೆಯಲಾರದ ಸಂತೋಷವೇನಾದರೂ ಆದರೆ ಮಾತ್ರ ಅದನ್ನು ಇಳಿಸಬಹುದಿತ್ತು. ಮಾವ ಪಾಪ, ಸಂತೋಷಕ್ಕೆ ನೆಪ ಹುಡುಕುತ್ತಲೇ ಇರುತ್ತಿದ್ದರು.

ಅತ್ತೆಯ ಕೆಲಸ ಜಪಸರ ಕಟ್ಟುವುದು. ನಾವು ಬೆರಳಲ್ಲಿ ಎಣಿಸುತ್ತ ಪ್ರಾರ್ಥನೆ ಹೇಳುವ ಮಣಿಸರ ಅದು. ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಚರ್ಚಿನ ಮಕ್ಕಳು ಬಿಳಿ ಬಟ್ಟೆ ತೊಟ್ಟು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವಾಗ, ಪ್ರತಿಯೊಂದು ಮಗುವಿನ ಕೈಯಲ್ಲೂ ಅತ್ತೆ ಕಟ್ಟಿದ ಸರವೇ ಇರಬೇಕು. ಗಂಧದ ಕೆತ್ತನೆಯವರಲ್ಲಿ ಉಳಿದ ಚೂರುಗಳಿಂದ ಕಡೆಸಿದ ಸಣ್ಣ ಮಣಿ, ಎಳೆದರೂ ಹರಿಯದ ರೇಷ್ಮೆ ದಾರ, ಮಣಿಮಣಿಯ ನಡುವೆ ಒಂದು ಗಂಟು. ಯಾರಾದರೂ ಮಗುವಿಗೆ ಅಂಗಡಿಯ ಗಾಜಿನ ಸರ ತಂದುಕೊಟ್ಟರೆ ಮುಗಿಯಿತು, ಆ ಮನೆಯವರ ಜೊತೆ ಅತ್ತೆಯ ಮಾತು ಹಬ್ಬದವರೆಗೆ ಬಂದ್.

ಅಂಥವರಿಗೆ ವಯಸ್ಸಾಗಿ ಹತ್ತಿರದ್ದು ಕಾಣದೆ ಹೋಗಿತ್ತು. ಕನ್ನಡಕ ಇತ್ತು. ಆದರೆ ಕನ್ನಡಕ ಅಂದರೆ ಅವರಿಗೆ ಸವತಿ ಇದ್ದಂತೆ, ಕಂಡರಾಗದು, ಬಿಟ್ಟಿರಲೂ ಆಗದು. ಅದನ್ನು ಹಾಕಿಕೊಂಡರೆ ಮಣಿಯ ತೂತು ಹೇಗೋ ಕಾಣುತ್ತಿತ್ತು, ಸೂಜಿಯದು ಮಾತ್ರ ಕಾಣುತ್ತಿರಲಿಲ್ಲ. ಹೀಗಾಗಿ ದಿನಾ ಬೆಳಗ್ಗೆ ಕಾಫಿ ಆದ ಮೇಲೆ ಜಗುಲಿಯ ಮೇಲೆ ನಾನು ಪೋಣಿಸುವುದು, ಅವರು ಕಟ್ಟುವುದು. ಕಟ್ಟುತ್ತ ಕಟ್ಟುತ್ತ ಬೀದಿಯ ಒಂದೊಂದು ಮನೆಯ ಕಥೆಯನ್ನೂ ನನ್ನ ಕಿವಿಗೆ ಹಾಕುತ್ತಿದ್ದರು. ಅತ್ತೆಯ ನಾಲಿಗೆ ಹರಿತ, ಆದರೆ ನನ್ನ ಪಾಲಿಗೆ ದಿನದ ಸಿಹಿಯಾದ ಹೊತ್ತು ಅದೇ ಆಗಿತ್ತು.

ನಾನು ಆ ಮನೆಗೆ ಬಂದ ಮೇಲಿನ ಎರಡನೆಯ ಕ್ರಿಸ್ಮಸ್. ನಮ್ಮ ಬೀದಿಯಲ್ಲಿ ಕ್ರಿಸ್ಮಸ್ ಅಂದರೆ ತಟ್ಟೆಗಳ ಓಡಾಟ. ಕಲ್‌ಕಲ್ ಎಂದು ನಾವು ಕರೆಯುವ ಸಕ್ಕರೆ ಪಾಕದ ಪುಟ್ಟ ಸುರುಳಿಗಳು, ಕಜ್ಜಾಯ, ರವೆಉಂಡೆ ಎಲ್ಲವನ್ನೂ ತಟ್ಟೆಯಲ್ಲಿಟ್ಟು, ಕಸೂತಿ ಬಟ್ಟೆ ಮುಚ್ಚಿ, ಮನೆಯಿಂದ ಮನೆಗೆ ಕಳಿಸಬೇಕು. ಬಂದ ತಟ್ಟೆಯನ್ನು ರುಚಿ ನೋಡದೆ ಹಿಂದಕ್ಕೆ ಕಳಿಸುವ ಹಾಗಿಲ್ಲ, ಅದು ಅವಮಾನ. ಬೀದಿಯ ಹಿರಿಯಳಾದ ಅತ್ತೆ ಎಲ್ಲರ ಮನೆಯದನ್ನೂ ರುಚಿ ನೋಡಿ, ಯಾರ ಪಾಕ ಗಟ್ಟಿ, ಯಾರದು ನೀರು ಎಂದು ತೀರ್ಪು ಕೊಡುತ್ತಿದ್ದರು. ಹಬ್ಬ ಕಳೆದು ಜನವರಿ ಮೊದಲ ವಾರದ ಮೂರು ರಾಜರ ಹಬ್ಬ ಮುಗಿಯುವವರೆಗೂ ಈ ನ್ಯಾಯಪಂಚಾಯಿತಿ ನಡೆಯುತ್ತಿತ್ತು. ನಡುನಡುವೆ ಚೆಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಚಳಿಗಾಲದಲ್ಲಿ ಇಷ್ಟೊಂದು ಬಾಯಾರಿಕೆಯೇ ಎಂದರೆ, ಎಲ್ಲರ ಮನೆ ಎಣ್ಣೆಯದೇ ತಪ್ಪು ಎನ್ನುತ್ತಿದ್ದರು.

ಆ ಜನವರಿಯ ಒಂದು ಬೆಳಗ್ಗೆ ನಾನು ಕೈ ಒರೆಸಿಕೊಂಡು ಜಗುಲಿಗೆ ಬರುವುದು ಸ್ವಲ್ಪ ತಡವಾಯಿತು. ಬಂದು ನೋಡಿದರೆ ಅತ್ತೆಯ ಕೈಯಲ್ಲಿ ದಾರ ಪೋಣಿಸಿದ ಸೂಜಿ. ಮೂಗಿನ ಮೇಲೆ ಕನ್ನಡಕವೂ ಇಲ್ಲ.

"ನೋಡೇ ಇಲ್ಲಿ," ಎಂದರು ಮೆಲ್ಲಗೆ. "ನಾನೇ ಪೋಣಿಸ್ಬುಟ್ಟೆ ಕಣಮ್ಮ."

ನಂಬದೆ ದಾರ ಎಳೆದು ಸೂಜಿ ವಾಪಸ್ ಕೊಟ್ಟೆ. ಮತ್ತೆ ಪೋಣಿಸಿದರು. ಪ್ರಾರ್ಥನೆ ಪುಸ್ತಕದ ಇರುವೆಸಾಲಿನಂಥ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಅರ್ಧ ಗಡ್ಡ ಹೆರೆದುಕೊಂಡಿದ್ದ ಮಾವ ಸೋಪಿನ ನೊರೆಯ ಸಮೇತ ಓಡಿ ಬಂದು, ನೋಡಿ, ಒಳಗೆ ಹೋಗಿ ಕಹಳೆ ಇಳಿಸಿದರು. ಮುಖದ ಒಂದು ಪಕ್ಕ ನೊರೆ ಇಟ್ಟುಕೊಂಡು ಅವರು ಊದಿದ ರಭಸಕ್ಕೆ ಬೀದಿಯೆಲ್ಲ ನಮ್ಮ ಜಗುಲಿಯ ಮುಂದೆ ಸೇರಿತು. ಅತ್ತೆ ಕಣ್ಣಿಗಾಗಿ ಚರ್ಚಿನ ದೇವಮಾತೆಯ ಮುಂದೆ ಹರಕೆ ಹೊತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಅಕ್ಕಸಾಲಿಗರ ಹತ್ತಿರ ಒಂದು ಜೊತೆ ಬೆಳ್ಳಿಯ ಕಣ್ಣು ಮಾಡಿಸಿ, ಚರ್ಚಿನಲ್ಲಿ ಮಾತೆಯ ಪಾದದ ಬಳಿ ಇಟ್ಟು ಬಂದರು. ಆ ಖುಷಿಗೆ ಮನೆಯಲ್ಲಿ ಒಂದು ಹಂಡೆ ಶಾವಿಗೆ ಪಾಯಸವಾಯಿತು. ಅದನ್ನು ಯಾರು ಎಷ್ಟು ಕುಡಿದರೋ ಕಾಣೆ, ಅತ್ತೆಯಂತೂ ಮನಸಾರೆ ಕುಡಿದರು.

ಎಲ್ಲರಿಗೂ ಸಂತೋಷ. ನನ್ನೊಬ್ಬಳಿಗೆ ಮಾತ್ರ ಇಲ್ಲ. ಬೆಳಗ್ಗೆ ಜಗುಲಿಗೆ ಹೋದರೆ, ನೀನು ಒಳಗಿನ ಕೆಲಸ ನೋಡಮ್ಮ ಎನ್ನುತ್ತಿದ್ದರು. ಒಳಗೆ ಅವರೆಕಾಯಿ ಸುಲಿಯುತ್ತ, ಈ ಮನೆಯಲ್ಲಿ ಇನ್ನು ನನ್ನದೇನು ಕೆಲಸ ಎಂದು ಅಳು ಬರುತ್ತಿತ್ತು. ಬೀದಿಯ ಕಥೆಗಳೂ ನಿಂತವು. ಎದುರುಮನೆಯವರ ಹಸು ಕರು ಹಾಕಿದ್ದು ನನಗೆ ಗೊತ್ತಾದದ್ದು ಅದು ಗಿಣ್ಣುಹಾಲಿನ ರೂಪದಲ್ಲಿ ಬಂದಾಗ.

ಹತ್ತಿರದ್ದು ಬಂತು ಅನ್ನುವ ಸಡಗರದಲ್ಲಿ ದೂರದ್ದು ಹೋದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಸಂಜೆ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗುವಾಗ ಎದುರಿಗೆ ಉದ್ದನೆಯ ಬಿಳಿ ನಿಲುವಂಗಿ ತೊಟ್ಟವರೊಬ್ಬರು ಬಂದರು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈಮುಗಿದು, ಸ್ತೋತ್ರ ಸ್ವಾಮಿ ಎಂದರು. ಆತ ನಮ್ಮ ಚರ್ಚಿನ ಪಾದ್ರಿ ಸ್ವಾಮಿಗಳಲ್ಲ, ಅತ್ತರು ಮಾರುವ ಸಾಬರು. ಅವರು ನಮಗಿಂತ ಮರ್ಯಾದಸ್ಥರು, ಎದೆಗೆ ಕೈಯಿಟ್ಟು ಬಾಗಿ ಸಲಾಮು ಮಾಡಿದರು. ಅಷ್ಟು ಮರ್ಯಾದೆ ಕೊಟ್ಟವರ ಹತ್ತಿರ ಏನೂ ಕೊಳ್ಳದಿದ್ದರೆ ಹೇಗೆಂದು ಅತ್ತೆ ಒಂದು ಸೀಸೆ ಅತ್ತರು ಕೊಂಡರು. ದೂರದ್ದು ಕಾಣದಿದ್ದರೆ ಏನಂತೆ, ಸರ ಕಟ್ಟುವುದು ಮಡಿಲಲ್ಲಿಟ್ಟುಕೊಂಡು ತಾನೇ ಎಂದು ದಾರಿಯುದ್ದಕ್ಕೂ ನನಗೇ ಪಾಠ ಹೇಳಿದರು.

ಫೆಬ್ರವರಿ ಕೊನೆಗೆ ತಪಸ್ಸುಕಾಲ ಬಂತು. ಈಸ್ಟರ್ ಎನ್ನುವ ಪಾಸ್ಕ ಹಬ್ಬದವರೆಗೆ ನಮ್ಮವರು ತಮಗಿಷ್ಟವಾದದ್ದನ್ನು ಬಿಟ್ಟು ಉಪವಾಸ ಮಾಡುವ ಕಾಲ. ಅತ್ತೆ ಅರೆಮನಸ್ಸಿನ ಭಕ್ತೆಯಲ್ಲ. ಹಣೆಗೆ ಬೂದಿ ಇಟ್ಟ ದಿನವೇ ಸಕ್ಕರೆ, ಬೆಲ್ಲ, ಹಣ್ಣು ಎಲ್ಲಕ್ಕೂ ಕೈಮುಗಿದರು. ಕಾಫಿಯೂ ಕಹಿ. ಒಂದು ಹೊತ್ತು ರಾಗಿ ಮುದ್ದೆ, ಸೊಪ್ಪಿನ ಸಾರು. ಹೀಗೆ ಒಂದಷ್ಟು ವಾರ ನಡೆದ ಮೇಲೆ, ಸೂಜಿಯ ಕಣ್ಣು ಮತ್ತೆ ಮಾಯ.

ಅತ್ತೆ ಅತ್ತುಬಿಟ್ಟರು. ತಾನೇನೋ ಪಾಪ ಮಾಡಿದ್ದಕ್ಕೆ ಮಾತೆ ಕೊಟ್ಟದ್ದನ್ನು ಕಿತ್ತುಕೊಂಡಳು ಎಂದು ತೀರ್ಮಾನಿಸಿ, ಬೀದಿಯಲ್ಲಿ ಮನೆಮನೆಗೆ ಹೋಗಿ ಕ್ಷಮೆ ಕೇಳಿದರು. ಗಾಜಿನ ಸರ ಕೊಂಡವರ ಮನೆಗೂ ಹೋದರು. ಕೊನೆಗೆ ನನ್ನ ಮುಂದೆ ನಿಂತು, ಬಂದವರೆಲ್ಲ ಹೊಗಳುತ್ತಿದ್ದ ಮಾವಿನ ಮಿಡಿ ಉಪ್ಪಿನಕಾಯಿ ನನ್ನದೆಂದು ಹೇಳಿಕೊಂಡೆ, ಅದು ನಿನ್ನದು ಎಂದು ಒಪ್ಪಿಕೊಂಡರು. ನನಗೆ ಅದು ಗೊತ್ತೇ ಇತ್ತು. ಆದರೂ ಕ್ಷಮಿಸಿದೆ, ಮತ್ತೆ ಜಗುಲಿಗೆ ನನ್ನನ್ನು ಕರೆದಿದ್ದರಲ್ಲ.

ಮುಂದಿನ ಕ್ರಿಸ್ಮಸ್ಸಿಗೆ ಕಣ್ಣು ಮತ್ತೆ ಬಂತು. ಕಹಳೆ ಮತ್ತೆ ಇಳಿಯಿತು. ಈಗ ಅತ್ತೆ ಅಳುವುದನ್ನು ಬಿಟ್ಟು ಒಂದು ಸಿದ್ಧಾಂತವನ್ನೇ ಕಟ್ಟಿದರು. ಹಬ್ಬಕ್ಕೆ ಮಾತೆ ಕಣ್ಣು ಕೊಡುತ್ತಾಳೆ, ತಪಸ್ಸುಕಾಲದಲ್ಲಿ ಪರೀಕ್ಷೆ ಮಾಡಲು ತೆಗೆದುಕೊಳ್ಳುತ್ತಾಳೆ. ಚರ್ಚಿನ ಸ್ವಾಮಿಗಳು ಅಂಥದ್ದು ಯಾವ ಗ್ರಂಥದಲ್ಲೂ ಇಲ್ಲ ಎಂದು ತಲೆ ಕೆರೆದುಕೊಂಡರು. ಬರೆದವರಿಗೆ ಮೈಸೂರು ಗೊತ್ತಿರಲಿಲ್ಲ, ಅದಕ್ಕೇ ಇಲ್ಲ ಎಂದರು ಅತ್ತೆ. ಅಷ್ಟರಲ್ಲಿ ಅವರ ರವಿಕೆಗಳೆಲ್ಲ ಸಡಿಲವಾಗಿದ್ದವು. ಉಪವಾಸದ ಪುಣ್ಯ ಎಂದು ಬೀದಿಯವರು ಅದನ್ನೂ ಹೊಗಳಿದರು.

ಪ್ರತಿ ತಪಸ್ಸುಕಾಲಕ್ಕೂ ಸರಗಳು ಅರ್ಧಕ್ಕೆ ನಿಲ್ಲಬಾರದೆಂದು ಆ ವರ್ಷ ಕಣ್ಣು ಮತ್ತೆ ಹೋದಾಗ ಮಾವ ಹೊಸ ಕನ್ನಡಕ ಮಾಡಿಸಿಕೊಟ್ಟರು. ಪಾಸ್ಕವಾಯಿತು, ಹಬ್ಬದ ಸಿಹಿಯಾಯಿತು, ಅದರ ಹಿಂದೆಯೇ ಬುಟ್ಟಿಗಟ್ಟಲೆ ಮಾವಿನಹಣ್ಣು ಬಂತು. ಮಾವಿನಹಣ್ಣು ಮುಗಿಯುವುದರೊಳಗೆ ಆ ಕನ್ನಡಕದಲ್ಲಿ ಲೋಕವೆಲ್ಲ ಮಂಜು. ಅತ್ತೆ ಅಂಗಡಿಗೆ ಹೋಗಿ, ಮೋಸದ ಗಾಜು ಕೊಟ್ಟೆ ಎಂದು ಜಗಳ ತೆಗೆದರು. ಅಂಗಡಿಯವರು ಮತ್ತೆ ಅಳತೆ ನೋಡಿ, ಈ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ, ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸದೆ ಇನ್ನು ನಾನು ಗಾಜು ಹಾಕುವುದಿಲ್ಲ ಎಂದು ಕೈ ಎತ್ತಿಬಿಟ್ಟರು. ಅಂಗಡಿಯವರ ಮೇಲಿನ ಸಿಟ್ಟಿಗೇ ಅತ್ತೆ ಜಟಕಾ ಹತ್ತಿದರು, ಹಿಂದೆಯೇ ಮಾವನೂ ನಾನೂ ಹತ್ತಿದೆವು.

ಡಾಕ್ಟರು ನಗುಮುಖದವರು. ಅತ್ತೆ ತಮ್ಮ ಕಣ್ಣಿನ ಪುರಾಣವನ್ನು ಬೆಳ್ಳಿ ಕಣ್ಣಿನಿಂದ ಹಿಡಿದು ಅತ್ತರು ಸಾಬರವರೆಗೆ ಹೇಳಿದರು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಅಮ್ಮಾ, ಆ ಉಪವಾಸದ ಕಾಲದಲ್ಲಿ ನೀವು ಏನು ತಿನ್ನೋದು ಬಿಡ್ತೀರಿ?"

"ಸಿಹಿ," ಎಂದರು ಅತ್ತೆ ಹೆಮ್ಮೆಯಿಂದ. "ಒಂದು ಹರಳು ಸಕ್ಕರೇನೂ ಮುಟ್ಟಾಕಿಲ್ಲ."

ಡಾಕ್ಟರು ನಗುವುದನ್ನು ನಿಲ್ಲಿಸಿದರು. ಬಾಯಾರಿಕೆ ಉಂಟೇ, ಪದೇಪದೇ ಬಚ್ಚಲಿಗೆ ಹೋಗಬೇಕಾಗುತ್ತದೆಯೇ, ಮೈ ಇಳಿದಿದೆಯೇ ಎಂದು ವಿಚಾರಿಸಿದರು. ಎಲ್ಲಕ್ಕೂ ಹೌದು. ಮೂತ್ರ ತರಿಸಿ, ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ನಾಲ್ಕು ಹನಿ ಹಾಕಿ ಉರಿಗೆ ಹಿಡಿದರು. ನೋಡನೋಡುತ್ತ ಆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ತನ್ನೊಳಗೇನು ಇಟ್ಟಿಗೆ ಗೂಡು ಇದೆಯೇ ಎಂದು ಅತ್ತೆ ಕೇಳಿದರು. ಗೂಡಲ್ಲ, ಸಕ್ಕರೆ ಡಿಪೋ ಇದೆ ಎಂದರು ಡಾಕ್ಟರು.

ಆಮೇಲೆ ನಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಇದು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣೊಳಗಿನ ಮಸೂರ ನೆನೆಹಾಕಿದ ಅವರೆಕಾಳಿನಂತೆ ಉಬ್ಬುತ್ತದೆ. ಉಬ್ಬಿದಾಗ ವಯಸ್ಸಾದವರಿಗೂ ಹತ್ತಿರದ್ದು ಕಾಣುತ್ತದೆ, ದೂರದ್ದು ಮಬ್ಬಾಗುತ್ತದೆ. ಸಕ್ಕರೆ ಇಳಿದರೆ ಮಸೂರವೂ ಇಳಿಯುತ್ತದೆ, ಮತ್ತೆ ಕನ್ನಡಕ ಬೇಕಾಗುತ್ತದೆ. ಹಬ್ಬಕ್ಕೊಂದು ಉಪವಾಸಕ್ಕೊಂದು ಎಂದು ನೋಟ ಬದಲಾದರೆ ಅದು ವರವಲ್ಲ, ಬಾಗಿಲು ತಟ್ಟುವ ಸದ್ದು. ಕನ್ನಡಿಯಿಂದ ಬೆಳಕು ಬಿಟ್ಟು ಕಣ್ಣಿನ ಹಿಂಭಾಗವನ್ನೂ ನೋಡಿದರು. ಅಲ್ಲಿ ಕೆಂಪು ಚುಕ್ಕೆಗಳು ಈಗಷ್ಟೇ ಮೂಡುತ್ತಿವೆ, ಇನ್ನೂ ಕಾಲ ಮಿಂಚಿಲ್ಲ ಎಂದರು. ಪಥ್ಯ ಹಿಡಿದರೆ ಕಣ್ಣು ಉಳಿಯುತ್ತದೆ, ಪಥ್ಯಕ್ಕೆ ಬಗ್ಗದಿದ್ದರೆ ಸೂಜಿಮದ್ದು ಇದೆ, ಎರಡೂ ಬೇಡವೆಂದರೆ ಹತ್ತಿರವೂ ಹೋಗುತ್ತದೆ, ದೂರವೂ ಹೋಗುತ್ತದೆ.

ಮಾವ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಅತ್ತೆ ಮಾತ್ರ ನೆಟ್ಟಗೆ ಕೂತಿದ್ದರು.

"ಅಂದ್ರೆ ಮಾತೆ ಕೊಟ್ಟಿದ್ದನ್ನ ನಾನು ವಾಪಸ್ ಕೊಟ್ಬುಡ್ಬೇಕಾ?"

"ಕನ್ನಡಕ ಹಾಕ್ಕೊಳ್ಳಿ ಅಂತೀನಿ, ಅಷ್ಟೇ," ಎಂದರು ಡಾಕ್ಟರು.

ಮನೆಗೆ ಬಂದವರೇ ಅತ್ತೆ ನಮ್ಮೆಲ್ಲರ ಎದುರಿಗೆ ಡಬ್ಬಿಯಿಂದ ಒಂದು ರವೆಉಂಡೆ ತೆಗೆದು ತಿಂದರು. ತಿನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ. ಹರಕೆ ಹೊತ್ತು ಪಡೆದ ಕಣ್ಣನ್ನು ಕಾಯಿಲೆ ಎಂದು ಒಪ್ಪಿದರೆ ಮಾತೆಯನ್ನೇ ಸುಳ್ಳು ಮಾಡಿದಂತೆ ಎಂಬುದು ಅವರ ಸಂಕಟ. ಮಾವ ಬೇಡಿಕೊಂಡರು. ನಾನು ಸಕ್ಕರೆ ಡಬ್ಬಿ ಬಚ್ಚಿಟ್ಟೆ. ನನ್ನ ಗಂಡ ಗದರಿ, ತಾಯಿಯಿಂದ ಎರಡರಷ್ಟು ಗದರಿಸಿಕೊಂಡ. ಕುರುಡಿಯಾಗಿ ಜಗುಲಿಯ ಮೇಲೆ ಕೂತ ಅತ್ತೆಯನ್ನು ನೆನೆಸಿಕೊಂಡು ನಾನು ಆ ಡಬ್ಬಿಯ ಜಾಗವನ್ನು ದಿನಾ ಬದಲಿಸುತ್ತಿದ್ದೆ. ಸ್ವಾಮಿಗಳ ಹತ್ತಿರ ಹೋಗಿ ಬೆಳ್ಳಿ ಕಣ್ಣನ್ನು ಹಿಂದಕ್ಕೆ ತರಬೇಕೇ ಎಂದು ಅತ್ತೆ ಕೇಳಿದ್ದೂ ಆಯಿತು. ಕೊಟ್ಟದ್ದು ಕೊಟ್ಟಾಯಿತು, ನಿಮ್ಮನ್ನು ಡಾಕ್ಟರ ಹತ್ತಿರ ಕಳಿಸಿದ್ದೂ ಮಾತೆಯೇ ಇರಬಹುದಲ್ಲ ಎಂದು ಅವರು ನಯವಾಗಿ ಹೇಳಿ ಕಳಿಸಿದರು. ಅತ್ತೆ ಮನೆಗೆ ಬಂದು ಕಾಫಿಗೆ ಸಕ್ಕರೆ ಕೇಳಿದರು.

ಅಷ್ಟರಲ್ಲಿ ಮಕ್ಕಳ ಪರಮಪ್ರಸಾದದ ದಿನ ಬಂತು. ಆ ವರ್ಷ ನಾದಿನಿಯ ಮಗಳೂ ಬಿಳಿ ಬಟ್ಟೆ ತೊಟ್ಟಿದ್ದಳು. ಅತ್ತೆಗೆ ಅವಳೆಂದರೆ ಪ್ರಾಣ. ಅವಳ ಸರಕ್ಕೆ ಮಣಿಗಳನ್ನು ಒಂದೊಂದಾಗಿ ಆರಿಸಿ, ಕನ್ನಡಕವಿಲ್ಲದೆ, ಎಲ್ಲವನ್ನೂ ತಾವೇ ಪೋಣಿಸಿ ಕಟ್ಟಿದ್ದರು. ಚರ್ಚಿನಲ್ಲಿ ನಾವು ನಡುವಿನ ಸಾಲಿನಲ್ಲಿದ್ದೆವು. ಪೀಠದ ಬಳಿ ಸಾಲಾಗಿ ನಿಂತ ಮಕ್ಕಳ ನಡುವಿನಿಂದ ಮೊಮ್ಮಗಳು ತಿರುಗಿ, ಅಜ್ಜಿಯನ್ನು ಹುಡುಕಿ, ಸರ ಹಿಡಿದ ಕೈಯನ್ನು ಮೆಲ್ಲನೆ ಎತ್ತಿ ತೋರಿಸಿದಳು. ಅತ್ತೆ ಅವಳತ್ತಲೇ ನೋಡುತ್ತಿದ್ದರು, ಆದರೆ ಮುಖ ಅರಳಲಿಲ್ಲ. ಮಗು ಮತ್ತೊಮ್ಮೆ ಕೈ ಎತ್ತಿತು. ನಾನು ಮೊಣಕೈಯಿಂದ ತಿವಿಯುವ ಹೊತ್ತಿಗೆ ಅದು ಮುಖ ತಿರುಗಿಸಿಯಾಗಿತ್ತು.

ಪೂಜೆ ಮುಗಿದ ಮೇಲೆ ಎಲ್ಲ ಮಕ್ಕಳೂ ತಮ್ಮ ತಮ್ಮ ಅಜ್ಜಿಯರ ಕೈಗೆ ಮುತ್ತಿಟ್ಟರೆ, ನಮ್ಮದು ತಾಯಿಯ ಸೆರಗಿನ ಹಿಂದೆ ನಿಂತು ಬಿಕ್ಕುತ್ತಿತ್ತು. ಅಜ್ಜಿಗೆ ನಾನು ಬೇಡ, ನೋಡಿಯೂ ನಗಲಿಲ್ಲ ಎಂದಿತು. ಅತ್ತೆ ನೆಲಕ್ಕೆ ಕೂತು ಅದನ್ನು ಎಳೆದು ಅಪ್ಪಿಕೊಂಡರು. ಅಷ್ಟು ಹತ್ತಿರದಲ್ಲಿ ಮಗುವಿನ ಮುಖ ಅವರಿಗೆ ಚೆನ್ನಾಗಿಯೇ ಕಂಡಿರಬೇಕು. ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಮಗುವಿನ ಅಳು ತಾನೇ ನಿಂತಿತು.

 ಮನೆಗೆ ಬಂದು ಹಬ್ಬದೂಟಕ್ಕೆ ಎಲೆ ಹಾಕಿದಾಗ ಅತ್ತೆ ಮೊದಲು ಬಂದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕರೆದರು.

"ಆ ಕೆಸರೆ ಊರಿನವಳು ನೆನ್ನೆ ತರಕಾರಿ ತಂದಿದ್ಲಲ್ಲ, ಹಾಗಲಕಾಯಿ ಉಳ್ಕೊಂಡಿದ್ಯಾ?"

ಇದೆ ಎಂದೆ. ಅದನ್ನೇ ಹುರಿದುಕೊಂಡು ಬಾ ಎಂದರು. ಹಬ್ಬದ ದಿನ ಹಾಗಲಕಾಯಿ ಹುರಿದದ್ದು ನಮ್ಮ ಬೀದಿಯ ಚರಿತ್ರೆಯಲ್ಲೇ ಮೊದಲಿರಬೇಕು. ಒಲೆಯ ಮುಂದೆ ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ, ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಕಹಳೆ ಇಳಿಸಲೇ ಎಂದು ಪಿಸುಮಾತಿನಲ್ಲಿ ಕೇಳಿದರು. ಇನ್ನೂ ಬೇಡ ಎಂದು ತಡೆದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಎಲ್ಲೂ ಇಲ್ಲದ ಒಂದು ಪದ್ಧತಿ ಶುರುವಾಯಿತು. ಬೆಳಗ್ಗೆ ಕಹಿ ಕಾಫಿ ಆದ ಮೇಲೆ ಅತ್ತೆ ಕನ್ನಡಕವಿಲ್ಲದೆ ಸೂಜಿ ಪೋಣಿಸಲು ನೋಡಬೇಕು. ಮಾವ, ನಾನು, ನನ್ನ ಗಂಡ ಸುತ್ತ ನಿಂತು ಕಾಯಬೇಕು. ಮೊದಮೊದಲು ದಾರ ಸಲೀಸಾಗಿ ಹೋಗುತ್ತಿತ್ತು, ಸಕ್ಕರೆ ಇಳಿದಿಲ್ಲವೆಂದು ನಮ್ಮ ಮುಖ ಜೋತುಬೀಳುತ್ತಿತ್ತು. ವಾರಗಳು ಕಳೆದಂತೆ ದಾರ ತಡವರಿಸಿತು. ಒಂದು ದಿನ ಎಷ್ಟು ಹೆಣಗಿದರೂ ಹೋಗಲೇ ಇಲ್ಲ. ಅವತ್ತು ಕಹಳೆ ಇಳಿಯಿತು. ಕಣ್ಣು ಬಂದಾಗಲೂ ಊದುತ್ತಾರೆ, ಹೋದಾಗಲೂ ಊದುತ್ತಾರೆ, ಮುದುಕನಿಗೆ ತಲೆ ಕೆಟ್ಟಿದೆ ಎಂದು ಎದುರುಮನೆಯವರು ನಿರ್ಧರಿಸಿದರು.

ಒಮ್ಮೆ ಮಾತ್ರ ಮೋಸ ನಡೆಯಿತು. ಮರು ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ದಾರ ಸೂಜಿಯೊಳಗೆ ಸರಕ್ಕನೆ ಹೋಗಿಬಿಟ್ಟಿತು. ಅತ್ತೆ ಗಾಬರಿಯಾಗಿ ಅದನ್ನು ಎಳೆದುಹಾಕಲು ನೋಡಿದರು, ಆದರೆ ಎಲ್ಲರೂ ಕಂಡಿದ್ದೆವು. ಮಾವ ಎದ್ದು ಹೋಗಿ, ಬಂದವರಿಗೆಂದು ತೆಗೆದಿಟ್ಟಿದ್ದ ಕಲ್‌ಕಲ್ ಡಬ್ಬಿ ತಂದು ಮುಚ್ಚಳ ತೆಗೆದರು. ತಳ ಕಾಣುತ್ತಿತ್ತು.

"ಇಲಿ ತಿಂದಿರ್ಬೇಕು," ಎಂದರು ಅತ್ತೆ.

"ಇಲೀನ ಕರೀರಿ ಅತ್ತೆ, ಅದ್ರ ಕೈಲೂ ಸೂಜಿ ಪೋಣಿಸಿಸಿ ನೋಡೋಣ," ಎಂದೆ ನಾನು.

ಅತ್ತೆಗೇ ನಗು ತಡೆಯಲಾಗಲಿಲ್ಲ. ಆ ಮೇಲೆ ಡಬ್ಬಿಯ ಗೊಡವೆಗೆ ಹೋಗಲಿಲ್ಲ ಎಂದೇ ನನ್ನ ನಂಬಿಕೆ. ಡಾಕ್ಟರು ಮತ್ತೆ ಮತ್ತೆ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಕೆಂಪು ಚುಕ್ಕೆಗಳು ಹೆಚ್ಚಿಲ್ಲ ಎನ್ನುತ್ತಿದ್ದರು. ನಿಂತ ಕಣ್ಣಿಗೆ ಅಂಗಡಿಯವರೂ ಸಮಾಧಾನದಿಂದ ಗಾಜು ಹಾಕಿಕೊಟ್ಟರು, ಆ ಕನ್ನಡಕ ವರ್ಷಗಟ್ಟಲೆ ನಡೆಯಿತು. ಬೆಳ್ಳಿ ಕಣ್ಣುಗಳು ಮಾತೆಯ ಪಾದದ ಬಳಿಯೇ ಉಳಿದವು.

ಕೆಲವು ವರ್ಷಗಳ ಮೇಲೆ ನನ್ನ ಮಗಳ ಸರದಿ ಬಂತು. ಮುಂದಿನ ಬೆಂಚಿನಲ್ಲಿ ಜಾಗ ಇಟ್ಟಿದ್ದೇನೆಂದರೂ ಅತ್ತೆ ಕೇಳದೆ ಬೇಕೆಂದೇ ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ ಕೂತರು. ಹತ್ತಿರದ ಕನ್ನಡಕ ಕತ್ತಿನಲ್ಲಿ ದಾರಕ್ಕೆ ನೇತಾಡುತ್ತಿತ್ತು. ಪೀಠದ ಬಳಿಯಿಂದ ಮಗಳು ತಿರುಗಿ ನೋಡುವ ಮೊದಲೇ ಅತ್ತೆಯ ಕೈ ಮೇಲೆದ್ದಿತ್ತು. ಮಗಳು ನಕ್ಕಳು. ಆ ಉದ್ದನೆಯ ಚರ್ಚಿನ ಈ ತುದಿಯಿಂದ ಅತ್ತೆ ನನ್ನ ಕಿವಿಯಲ್ಲಿ, ನಿನ್ನ ಮಗಳು ಮುಂದಿನ ಹಲ್ಲು ಬಿದ್ದದ್ದನ್ನು ನನಗೆ ಹೇಳಲೇ ಇಲ್ಲವಲ್ಲ ಎಂದು ದೂರಿದರು. ಅದು ಬಿದ್ದದ್ದು ಅವತ್ತೇ ಬೆಳಗ್ಗೆ.

ಮಾರನೆಯ ದಿನ ಜಗುಲಿಯ ಮೇಲೆ ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು, ದಾರವನ್ನು ಆ ಕಡೆ ಈ ಕಡೆ ಆಡಿಸಿ, ಎಂದಿನಂತೆ ಸೋತರು. ಆಮೇಲೆ ಎರಡನ್ನೂ ನನ್ನ ಕೈಗಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಹೆಮ್ಮೆಯಿಂದ ಹೇಳಿದರು:

"ನೀನೇ ಪೋಣಿಸು ಕಣಮ್ಮ, ನಂಗೆ ಕಾಣಾಕಿಲ್ಲ."